ಅಂಡರ್‌ಸ್ಟಿಯರ್ ಮತ್ತು ಓವರ್‌ಸ್ಟಿಯರ್: ಪರಿಕಲ್ಪನೆಯ ಇತಿಹಾಸ

ತಿರುವಿನಲ್ಲಿ ಮುಂದಿನ ಟೈರುಗಳು ಮೊದಲು ಹಿಡಿತ ಬಿಟ್ಟು ಕಾರಿನ ಮೂತಿ ಹೊರಕ್ಕೆ ಸಾಗಿದರೆ ಅಂಡರ್‌ಸ್ಟಿಯರ್. ಹಿಂದಿನವು ಮೊದಲು ಬಿಟ್ಟು ಹಿಂಬದಿ ಹೊರಕ್ಕೆ ಬೀಸಿದರೆ ಓವರ್‌ಸ್ಟಿಯರ್. ಇದು ರೇಸ್ ಚಾಲಕರ ಬಳಕೆಯ ಅರ್ಥ. ಎಂಜಿನಿಯರುಗಳ ಅರ್ಥ ಇದಲ್ಲ. ಈ ಎರಡನ್ನೂ ಬೆರೆಸಿಬಿಟ್ಟಿದ್ದರಿಂದಲೇ ಹಲವು ಕೈಪಿಡಿಗಳಲ್ಲಿ ವಿಷಯ ಗೋಜಲಾಗಿದೆ.

ಗಾಲಿ ಯಾವ ಕಡೆ ನೋಡುತ್ತದೋ ಕಾರು ಆ ಕಡೆಗೇ ಹೋಗುತ್ತದೆ ಎಂಬುದು ಮೊದಲಿನ ಎಣಿಕೆ. ಅದನ್ನು ಮುರಿದವರಲ್ಲಿ ಮೊದಲಿಗರು ಫ್ರಾನ್ಸಿನ ಜಾರ್ಜ್ ಬ್ರೂಲ್ಯೆ. ತಿರುವಿನ ಒತ್ತಡಕ್ಕೆ ಸಿಕ್ಕ ಟೈರ್ ತಾನು ನೋಡುವ ದಿಕ್ಕಿಗಿಂತ ಕೆಲವು ಡಿಗ್ರಿ ಓರೆಯಾಗಿ ಉರುಳುತ್ತದೆ ಎಂಬುದನ್ನು ಅವರು 1925ರಲ್ಲಿ ಮುಂದಿಟ್ಟರು. ಈ ಅಂತರಕ್ಕೆ ‘ಸ್ಲಿಪ್ ಆ್ಯಂಗಲ್’ ಎಂಬ ಹೆಸರು ನಿಂತಿದೆ. ಹೆಸರು ಕೇಳಿದರೆ ಟೈರ್ ಜಾರುತ್ತಿದೆ ಎನಿಸುತ್ತದೆ, ಆದರೆ ಜಾರದೆಯೂ ಈ ಕೋನ ಹುಟ್ಟುತ್ತದೆ. ನೆಲ ಮುಟ್ಟುವ ಅಂಗೈಯಗಲದ ಜಾಗವನ್ನು ಹತ್ತಿರದಿಂದ ನೋಡಬೇಕು: ಮುಂಭಾಗದಲ್ಲಿ ನೆಲಕ್ಕಿಳಿದ ರಬ್ಬರು ಅಲ್ಲೇ ಕಚ್ಚಿಕೊಳ್ಳುತ್ತದೆ, ಗಾಲಿ ಮುಂದೆ ಉರುಳಿದಂತೆ ಅದೇ ರಬ್ಬರು ಪಕ್ಕಕ್ಕೆ ಎಳೆತಗೊಳ್ಳುತ್ತ ಹಿಂಭಾಗದ ಕಡೆ ಸರಿಯುತ್ತದೆ. ಎಳೆತ ಅತಿಯಾದಾಗ ಹಿಡಿತ ತಪ್ಪುವುದು ಮೊದಲು ಈ ಹಿಂಭಾಗದಲ್ಲೇ. ಕಾರನ್ನು ತಿರುಗಿಸುವ ಬಲ ಬರುವುದೂ ಈ ಎಳೆತದಿಂದಲೇ.

ಅಂಡರ್‌ಸ್ಟಿಯರ್, ಓವರ್‌ಸ್ಟಿಯರ್ ಎಂಬ ಪದಗಳನ್ನು ಟಂಕಿಸಿದವರು ಮಾರಿಸ್ ಆಲಿ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ರೋಲ್ಸ್‌ ರಾಯ್ಸ್‌ನಲ್ಲಿ ಪಳಗಿದ ಇವರು 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿದರು. ಅದರ ಮಾತೃಸಂಸ್ಥೆ ಜನರಲ್ ಮೋಟಾರ್ಸ್ ಕಾರುಗಳ ಮುಂದಿನ ಗಾಲಿಗಳಿಗೆ ಸ್ವತಂತ್ರ ಸಸ್ಪೆನ್ಷನ್ ತರುವ ಕೆಲಸದಲ್ಲಿ, ಮುಂದಿನ ಹಾಗೂ ಹಿಂದಿನ ಟೈರುಗಳ ಸ್ಲಿಪ್ ಕೋನಗಳಲ್ಲಿ ಯಾವುದು ದೊಡ್ಡದು ಎಂಬುದೇ ಕಾರಿನ ನಡತೆಯನ್ನು ನಿರ್ಧರಿಸುತ್ತದೆ ಎಂದು ಕಂಡುಕೊಂಡರು. ಅವರ ತಾಂತ್ರಿಕ ಟಿಪ್ಪಣಿಗಳು ದಶಕಗಳ ಕಾಲ ಕಂಪನಿಯೊಳಗೇ ಉಳಿದು, ವಿಲಿಯಂ ಮತ್ತು ಡಗ್ಲಸ್ ಮಿಲಿಕನ್ ಅವರ ಸಂಪಾದನೆಯಲ್ಲಿ 2002ರಲ್ಲಷ್ಟೇ ಪುಸ್ತಕವಾದವು. ಆಲಿಯವರ ಪಾಲು ಎಷ್ಟು ದೊಡ್ಡದೆಂಬುದು ಹೊರಗಿನ ಓದುಗರಿಗೆ ಸರಿಯಾಗಿ ತಿಳಿದದ್ದು ಆಮೇಲೆ.

ಆಲಿಯವರ ಲೆಕ್ಕ ಸರಳ. ಮುಂದಿನ ಹಾಗೂ ಹಿಂದಿನ ಗಾಲಿಗಳ ನಡುವೆ 2.5 ಮೀಟರ್ ಅಂತರವಿರುವ ಕಾರು 30 ಮೀಟರ್ ತ್ರಿಜ್ಯದ ವೃತ್ತದಲ್ಲಿ ನಿಧಾನವಾಗಿ ಸುತ್ತಲು ಮುಂದಿನ ಗಾಲಿಗಳನ್ನು ಸುಮಾರು 4.8 ಡಿಗ್ರಿ ತಿರುಗಿಸಬೇಕು. ವೇಗ ಏರಿದಾಗ ಮುಂದಿನ ಟೈರಿನ ಸ್ಲಿಪ್ ಕೋನ 5, ಹಿಂದಿನದು 4 ಡಿಗ್ರಿಯಾದರೆ, ಅದೇ ವೃತ್ತದಲ್ಲಿ ಉಳಿಯಲು 5.8 ಡಿಗ್ರಿ ಬೇಕಾಗುತ್ತದೆ. ಎಂಜಿನಿಯರಿಗೆ ಅಂಡರ್‌ಸ್ಟಿಯರ್ ಎಂದರೆ ಈ ಹೆಚ್ಚುವರಿ ಒಂದು ಡಿಗ್ರಿ. ಇಲ್ಲಿ ಯಾವ ಟೈರೂ ಹಿಡಿತ ಬಿಟ್ಟಿಲ್ಲ. ಸಾಧಾರಣ ವೇಗದಲ್ಲಿ ಅಂಡರ್‌ಸ್ಟಿಯರ್ ತೋರುವ ಕಾರು ಹಿಡಿತದ ಅಂಚಿನಲ್ಲಿ ಹಿಂಬದಿ ಬೀಸಬಹುದು. ಆಗ ಎಂಜಿನಿಯರ್ ಮತ್ತು ಚಾಲಕ ಒಂದೇ ಕಾರಿಗೆ ಎರಡು ಹೆಸರು ಕೊಡುತ್ತಾರೆ, ಇಬ್ಬರೂ ಸರಿ.

ಜರ್ಮನಿಯ ಆಟೋ ಯೂನಿಯನ್ ರೇಸ್ ಕಾರುಗಳ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. 1934ರಿಂದ 1937ರವರೆಗಿನ 16 ಸಿಲಿಂಡರ್ ಕಾರುಗಳು ಹಿಂಬದಿ ಬೀಸುತ್ತಿದ್ದದ್ದಕ್ಕೆ ಚಾಲಕನ ಹಿಂದಿದ್ದ ಎಂಜಿನ್ನೇ ಕಾರಣ ಎಂದು ಬರೆಯುವುದು ರೂಢಿ. ಆದರೆ ಹಿಂದಿನ ಗಾಲಿಗಳು ನಡುವಿನ ಕೀಲುಗಳ ಸುತ್ತ ಏರಿಳಿಯುವ ಸ್ವಿಂಗ್ ಆಕ್ಸಲ್‌ಗೆ ಅದರಲ್ಲಿ ದೊಡ್ಡ ಪಾಲಿತ್ತು. ಕಾರಿನ ಹಿಂಬದಿ ಮೇಲೆದ್ದಂತೆಲ್ಲ ಗಾಲಿಗಳು ನೆಲಕ್ಕೆ ಓರೆಯಾಗುತ್ತಿದ್ದವು. 1938ರ ಮಾದರಿಯಲ್ಲಿ ಎಂಜಿನ್ ಹಿಂದೆಯೇ ಉಳಿಯಿತು, ಸ್ವಿಂಗ್ ಆಕ್ಸಲ್ ಜಾಗಕ್ಕೆ ಗಾಲಿಗಳನ್ನು ನೆಲಕ್ಕೆ ನೆಟ್ಟಗಿಡುವ ಡಿ ಡಿಯೋನ್ ಆಕ್ಸಲ್ ಬಂತು. ಎಂಜಿನ್ ಹಿಂದಿಟ್ಟ ಕೂಪರ್ ಕಾರಿನಲ್ಲಿ ಜಾಕ್ ಬ್ರಾಭಮ್ 1959 ಮತ್ತು 1960ರಲ್ಲಿ ವಿಶ್ವ ಚಾಂಪಿಯನ್ ಆದ ಮೇಲೂ ಹಳೆಯ ದೂರು ಪುಸ್ತಕಗಳಿಂದ ಪೂರ್ತಿ ಅಳಿಯಲಿಲ್ಲ.

ಈ ಇತಿಹಾಸದ ನಿಜವಾದ ತಿರುವು 1956. ಕಾರ್ನೆಲ್ ಏರೋನಾಟಿಕಲ್ ಲ್ಯಾಬೊರೇಟರಿಯ ವಿಲಿಯಂ ಮಿಲಿಕನ್, ಡೇವಿಡ್ ವಿಟ್‌ಕಂಬ್, ಲೆನಾರ್ಡ್ ಸೀಗಲ್ ಮತ್ತು ಸಂಗಡಿಗರು ವಿಮಾನದ ಸ್ಥಿರತೆ ಅಳೆಯುವ ಗಣಿತವನ್ನು ಕಾರಿಗೆ ಅನ್ವಯಿಸಿ ಲಂಡನ್ನಿನಲ್ಲಿ ಪ್ರಬಂಧಗಳನ್ನು ಮಂಡಿಸಿದರು. ಓವರ್‌ಸ್ಟಿಯರ್ ಕಾರಿಗೆ ಒಂದು ನಿರ್ಣಾಯಕ ವೇಗವಿದೆ, ಅದನ್ನು ದಾಟಿದರೆ ಕಾರು ತಾನಾಗಿ ನೆಟ್ಟಗೆ ನಿಲ್ಲದು ಎಂಬುದನ್ನು ಅವರ ಗಣಿತ ಲೆಕ್ಕದಲ್ಲಿ ತೋರಿಸಿತು. ಮಿಲಿಕನ್ ಸ್ವತಃ ರೇಸ್ ಚಾಲಕ. 1948ರಲ್ಲಿ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಅವರ ಬುಗಾಟಿ ಮಗುಚಿದ ತಿರುವಿಗೆ ಅವರದೇ ಹೆಸರು ಬಂದಿದೆ.

ತಿರುವಿನಲ್ಲಿ ಒಳಗಿನ ಗಾಲಿಗಳಿಂದ ಹೊರಗಿನವಕ್ಕೆ ಆಗುವ ಭಾರ ವರ್ಗಾವಣೆಯ ವಿಚಾರದಲ್ಲೂ ಸ್ಪಷ್ಟನೆ ಬೇಕು. ಕಾರಿನ ಮೈ ವಾಲುವುದರಿಂದಲೇ ಭಾರ ಹೊರಗಿನ ಗಾಲಿಗೆ ಹೋಗುತ್ತದೆ ಎಂಬ ಮಾತು ಬಹುತೇಕ ತಪ್ಪು; ಮೈ ವಾಲದ ಕಾರಿನಲ್ಲೂ ಹೋಗುತ್ತದೆ. ತೂಕ, ಗುರುತ್ವಕೇಂದ್ರದ ಎತ್ತರ, ಗಾಲಿಗಳ ಅಡ್ಡಗಲ, ತಿರುವಿನ ವೇಗೋತ್ಕರ್ಷ, ಇವುಗಳ ಮೇಲೆ ಅದರ ಒಟ್ಟು ಪ್ರಮಾಣ ನಿಂತಿದೆ. ಆ ಪ್ರಮಾಣ ಮುಂದೆಷ್ಟು, ಹಿಂದೆಷ್ಟು ಎಂದು ಹಂಚುವ ಕೆಲಸ ಸ್ಪ್ರಿಂಗ್ ಮತ್ತು ಮೈ ವಾಲುವುದನ್ನು ತಡೆಯುವ ಆ್ಯಂಟಿ-ರೋಲ್ ಬಾರ್‌ಗಳದು. ತಲಾ 300 ಕೆ.ಜಿ. ಹೊತ್ತ ಎರಡು ಟೈರುಗಳಿಗಿಂತ 200 ಮತ್ತು 400 ಕೆ.ಜಿ. ಹೊತ್ತ ಜೋಡಿಯ ಹಿಡಿತ ಕಡಿಮೆ. ಮುಂದಿನ ಬಾರ್ ಬಿಗಿ ಮಾಡಿದಾಗ ವರ್ಗಾವಣೆಯ ಹೆಚ್ಚಿನ ಪಾಲು ಮುಂದಿನ ಜೋಡಿಗೆ ಬಿದ್ದು ಮೂತಿ ಹೊರಕ್ಕೆ ಸಾಗುವುದು ಇದರಿಂದಲೇ.

1968ರಿಂದ ಫಾರ್ಮುಲಾ ಒನ್‌ಗೆ ಗಾಳಿಯ ಬಲದಿಂದ ಕಾರನ್ನು ನೆಲಕ್ಕೊತ್ತುವ ರೆಕ್ಕೆಗಳು ಬಂದವು. ರೆಕ್ಕೆ ಮುರಿದು ಸಂಭವಿಸಿದ 1969ರ ಬಾರ್ಸಿಲೋನಾ ಅಪಘಾತಗಳ ಬೆನ್ನಲ್ಲೇ ಎತ್ತರದ ರೆಕ್ಕೆಗಳನ್ನು ನಿಷೇಧಿಸಲಾಯಿತು. ಮುಂದೆ ಲೋಟಸ್ 78 ಮತ್ತು 79 ಕಾರುಗಳು ನೆಲದತ್ತ ಸೆಳೆತವನ್ನು ಕಾರಿನ ಅಡಿಯಿಂದಲೇ ಪಡೆದವು. ಟೈರಿನ ಕಡೆ, 1987ರಲ್ಲಿ ಸಂಶೋಧಕ ಹನ್ಸ್ ಪಸೆಯ್ಕಾ ಮತ್ತು ಸಂಗಡಿಗರ ‘ಮ್ಯಾಜಿಕ್ ಫಾರ್ಮುಲಾ’ ಟೈರಿನ ವರ್ತನೆಯನ್ನು ಒಂದು ಸಮೀಕರಣಕ್ಕೆ ಇಳಿಸಿತು. ಇತ್ತ ಗಾಳಿಯ ಒತ್ತು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅದು ಮುಂದೆ ಹೆಚ್ಚು ಬಿದ್ದರೆ ನಿಧಾನದ ತಿರುವಿನಲ್ಲಿ ಮೂತಿ ತಳ್ಳುವ ಕಾರು ವೇಗದ ತಿರುವಿನಲ್ಲಿ ಹಿಂಬದಿ ಸಡಿಲಿಸಬಹುದು. ಆದ್ದರಿಂದ ಈಗ ತಂಡಗಳು ಇಡೀ ಕಾರಿಗೆ ಒಂದೇ ಹೆಸರು ಅಂಟಿಸದೆ, ಪ್ರತಿ ತಿರುವನ್ನೂ ಪ್ರವೇಶ, ನಡು, ನಿರ್ಗಮನ ಎಂದು ಬಿಡಿಸಿ ಚಾಲಕನನ್ನು ಕೇಳುತ್ತವೆ.