ಬೆಟ್ಟ ದೂರವಾದದ್ದು ಯಾವಾಗ?

ನಂಜನಗೂಡು ಬಯಲಿನ ತಗಡೂರಿನ ಚರಿತ್ರೆ ಬರೆಯಹೊರಟವರಿಗೆ ಸಾಮಗ್ರಿಯ ಬರವಿಲ್ಲ. ತಗಡೂರು ರಾಮಚಂದ್ರರಾಯರ ಸತ್ಯಾಗ್ರಹದ ಬದುಕು, ಅದೇ ಸೀಮೆಯ ಬದನವಾಳಿನ ಖಾದಿ ಕೇಂದ್ರ, 1934ರ ಜನವರಿಯಲ್ಲಿ ಹರಿಜನ ಪ್ರವಾಸದ ಗಾಂಧೀಜಿ ಮೈಸೂರು ಸಂಸ್ಥಾನಕ್ಕೆ ಬಂದದ್ದು, ಹೀಗೆ ಹೆಸರೂ ಇಸವಿಯೂ ಕೈಗೆ ಸಿಗುತ್ತವೆ. ಅದೇ ಬಯಲಿನ ಆಗ್ನೇಯಕ್ಕೆ ಗೋಡೆಯಂತೆ ಎದ್ದಿರುವ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ಊರುಗಳಾದ ಪೋಡುಗಳ ವಿಷಯ ಬಂದಾಗ ಮಾತ್ರ ಇಸವಿಗಳು ಮಾಯವಾಗುತ್ತವೆ. ಕಾಡಿನ ಜನ, ಅವರು ಎಂದಿನಿಂದಲೂ ಹಾಗೆಯೇ ಇದ್ದವರು, ಈಚೆಗೆ ರಸ್ತೆ ಬಂತು, ಆಸ್ಪತ್ರೆ ಬಂತು, ಸ್ವಲ್ಪ ಮುಂದೆ ಬಂದಿದ್ದಾರೆ ಎಂಬಲ್ಲಿಗೆ ಬಯಲಿನವರ ವಿವರಣೆ ಮುಗಿದುಹೋಗುತ್ತದೆ. ಈ ವಿವರಣೆ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಪೋಡು ಮೊದಲು ಇಷ್ಟು ದೂರ ಇರಲಿಲ್ಲ. ಅದನ್ನು ದೂರ ಮಾಡಲಾಯಿತು. ದೂರ ಮಾಡಿದ ಕಾಲವನ್ನೂ ಕೈಗಳನ್ನೂ ಹೆಚ್ಚುಕಡಿಮೆ ಗುರುತಿಸಬಹುದು.

ಜಗತ್ತಿನಲ್ಲಿ ಅತಿ ದೂರದ ಹಳ್ಳಿ ಎಂದರೆ ಪಪುವಾ ನ್ಯೂಗಿನಿಯ ಮಲೆನಾಡನ್ನು ತೋರಿಸುವುದು ವಾಡಿಕೆ. ಆ ಬೆಟ್ಟಗಳ ನಡುವೆ ಜನವಸತಿಯೇ ಇಲ್ಲವೆಂದು ಕರಾವಳಿಯಲ್ಲಿದ್ದ ಬಿಳಿಯರು ನಂಬಿದ್ದರು. 1933ರಲ್ಲಿ ಚಿನ್ನ ಹುಡುಕುತ್ತ ಹೊರಟ ಮೈಕೆಲ್ ಲೇಹಿ ಮತ್ತು ಸರ್ಕಾರಿ ಅಧಿಕಾರಿ ಜಿಮ್ ಟೇಲರ್ ವಾಹ್ಗಿ ಕಣಿವೆಗೆ ಇಳಿದಾಗ ಕಂಡದ್ದು ಬೇಲಿ ಹಾಕಿದ ತೋಟಗಳ ಸಾಲು, ಕಿಕ್ಕಿರಿದ ಜನ. ಅಲ್ಲಿಯ ಕೂಕ್ ಎಂಬ ಜೌಗು ನೆಲದಲ್ಲಿ ಬೇಸಾಯಕ್ಕೆ ಸಾವಿರಾರು ವರ್ಷಗಳ ಇತಿಹಾಸವಿದೆಯೆಂದು ಮುಂದೆ ಅಗೆತದಿಂದ ತಿಳಿಯಿತು. 2008ರಲ್ಲಿ ಅದು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಆ ಜನರ ಮುಖ್ಯ ಆಹಾರ ಸಿಹಿಗೆಣಸು. ಅದು ದಕ್ಷಿಣ ಅಮೆರಿಕದ ಗೆಡ್ಡೆ, ಬಿಳಿಯರು ಕಾಲಿಡುವುದಕ್ಕೆ ಎಷ್ಟೋ ತಲೆಮಾರು ಮುಂಚೆಯೇ ಕೈಯಿಂದ ಕೈಗೆ ದಾಟಿ ಅಲ್ಲಿಗೆ ಮುಟ್ಟಿತ್ತು. ಸಮುದ್ರವನ್ನೇ ಕಾಣದವರು ಮದುವೆಯ ತೆರಕ್ಕೆ ಸಮುದ್ರದ ಚಿಪ್ಪು ಕೊಡುತ್ತಿದ್ದರು. ಆ ಚಿಪ್ಪಿನ ಹೆಸರೇ, ಕಿನಾ, ಇಂದು ಆ ದೇಶದ ನಾಣ್ಯದ ಹೆಸರು. ಲೇಹಿಗೆ ಆ ಕಣಿವೆ ಗೊತ್ತಿರಲಿಲ್ಲ ನಿಜ. ಆದರೆ ಆ ಕಣಿವೆಗೆ ಲೋಕದ ಸರಕು ಗೊತ್ತಿತ್ತು.

ನಮ್ಮ ಬೆಟ್ಟಕ್ಕೂ ಇದೇ ಪರೀಕ್ಷೆ ಒಡ್ಡಿ ನೋಡೋಣ. ಸೋಲಿಗರು ಕಾಡು ಕಡಿದು, ಸುಟ್ಟು, ಒಂದೆರಡು ವರ್ಷ ಬಿತ್ತಿ, ಆ ತುಂಡು ನೆಲವನ್ನು ಮತ್ತೆ ಕಾಡಿಗೆ ಬಿಟ್ಟು ಮುಂದೆ ಹೋಗುತ್ತಿದ್ದವರು. ಬೆಳೆದದ್ದು ರಾಗಿ, ಅವರೆ, ಕುಂಬಳ, ಮುಂದೆ ಮುಸುಕಿನ ಜೋಳ. ರಾಗಿಯ ತವರು ಪೂರ್ವ ಆಫ್ರಿಕ, ಜೋಳದ್ದು ಅಮೆರಿಕ. ಯಾರ ಸಂಪರ್ಕವೂ ಇಲ್ಲದ ಜನರ ಹೊಲದಲ್ಲಿ ಎರಡು ಖಂಡಗಳ ಬೆಳೆ ಹೇಗೆ ಬಂತು? ಬೆಳೆ ಹೋಗಲಿ, ದೇವರನ್ನೇ ತೆಗೆದುಕೊಳ್ಳಿ. ಬೆಟ್ಟದ ರಂಗನಾಥ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನೆಂಬ ಕಥೆಯಿಂದಾಗಿ ಅವನು ಅವರಿಗೆ ಭಾವ. ಆ ಭಾವನಿಗೆ ಬಯಲಿನ ಚರ್ಮಕಾರರು ಭಾರಿ ಗಾತ್ರದ ಚಪ್ಪಲಿ ಹೊಲಿದು ಹೊತ್ತು ತರುತ್ತಾರೆ. ಅವನ ಪೂಜೆ ಮಾಡುವವರು ಶ್ರೀವೈಷ್ಣವರು. ಒಂದೇ ದೇವಸ್ಥಾನದಲ್ಲಿ ಕಾಡು, ಕೇರಿ, ಅಗ್ರಹಾರ ಮೂರಕ್ಕೂ ಒಂದೊಂದು ಹಕ್ಕು. ಮಲೆ ಮಹದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಸಾಲು ಸೋಲಿಗರ ಮನೆಯ ಕಥೆ. ಅದನ್ನು ರಾತ್ರಿಯಿಡೀ ಹಾಡುವ ಕಂಸಾಳೆಯವರೂ ದೇವರಗುಡ್ಡರೂ ನಂಜನಗೂಡು, ನರಸೀಪುರ, ಕೊಳ್ಳೇಗಾಲದ ಬಯಲಿನ ಊರುಗಳವರು. ಶಿವರಾತ್ರಿಗೂ ದೀಪಾವಳಿಗೂ ಈ ಬಯಲಿನ ಒಕ್ಕಲು ಪರಸೆ ಕಟ್ಟಿಕೊಂಡು ಮಹದೇಶ್ವರನ ಬೆಟ್ಟಕ್ಕೆ ನಡೆದುಹೋಗುತ್ತಿತ್ತು. ಜೇನು, ಸೀಗೆ, ಅಂಟುವಾಳ, ಮಾಗಳಿ ಬೇರು ಕೆಳಗಿಳಿದರೆ ಉಪ್ಪು, ಬಟ್ಟೆ, ಕಬ್ಬಿಣ ಮೇಲೆ ಹೋಗಬೇಕಿತ್ತು. ಕತ್ತಿ ಗುದ್ದಲಿ ಕಾಡಿನಲ್ಲಿ ಬೆಳೆಯುವುದಿಲ್ಲವಷ್ಟೆ.

ಒಳಗಿನಿಂದ ನೋಡಿದರಂತೂ ಪೋಡು ಯಾವುದರಿಂದಲೂ ದೂರ ಇರಲಿಲ್ಲ. ಯಜಮಾನ, ಅವನ ಮಾತನ್ನು ಮನೆಮನೆಗೆ ಮುಟ್ಟಿಸುವ ಚಲವಾದಿ, ಮದುವೆಯ ಲೆಕ್ಕವಿಡುವ ಕುಲಗಳು, ಒಂದು ಪೋಡಿನ ನ್ಯಾಯಕ್ಕೆ ಇನ್ನೊಂದು ಪೋಡಿನವರು ಬಂದು ಕೂರುವ ಪದ್ಧತಿ, ಹೊಸ ರಾಗಿಯ ರೊಟ್ಟಿಹಬ್ಬಕ್ಕೆ ಸುತ್ತಲಿನ ನೆಂಟರು ಸೇರಿ ಬೆಳಗಾಗುವತನಕ ಕುಣಿಯುವುದು, ಇವೆಲ್ಲ ಸೇರಿ ಬೆಟ್ಟವೇ ಒಂದು ನಾಡಾಗಿತ್ತು. ಆ ನಾಡು ಕುಲಕುಲಕ್ಕೆ ಸೇರಿದ ಯೆಲ್ಲೆಗಳಾಗಿ ಹಂಚಿಹೋಗಿತ್ತು. ಒಂದೊಂದು ಯೆಲ್ಲೆಗೂ ಅದರದೇ ದೇವರು, ಮಾರಮ್ಮ, ವೀರು, ಸತ್ತವರ ಕಲ್ಲುಗುಡಿ, ನೀರಿನ ಅಬ್ಬಿ. ಈ ಶತಮಾನದಲ್ಲಿ ಸೋಲಿಗರೂ ಸಂಶೋಧಕರೂ ಕೂಡಿ ಈ ಜಾಗಗಳ ನಕ್ಷೆ ಮಾಡಿದಾಗ 400ಕ್ಕೂ ಹೆಚ್ಚು ತಾಣಗಳು ಸಿಕ್ಕವು. ಬರೀ ಮರಗಳ ಗುಂಪೆಂದು ಸರ್ಕಾರ ಅಳೆದ ಕಾಡಿನಲ್ಲಿ ಇಷ್ಟು ವಿಳಾಸಗಳಿದ್ದವು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿಯ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಸೋಲಿಗರ ಬಗ್ಗೆ ಬರೆದದ್ದು ನನ್ನ ಮಾತಿಗೆ ವಿರುದ್ಧವಾಗಿದೆ. ಅವರಿಗೆ ಮೈಮೇಲೆ ಬಟ್ಟೆಯೆಂಬುದೇ ಇಲ್ಲದಷ್ಟು ಕಡಿಮೆ, ಬೆಂಕಿಯ ಸುತ್ತ ಬಾಳೆಲೆ ಹಾಸಿ ಹೊದ್ದು ಮಲಗುತ್ತಾರೆ, ಬಿದಿರು ಬಗ್ಗಿಸಿ ಎಲೆ ಹೊದಿಸಿದ ಗುಡಿಸಲು, ಹುಲಿಯ ಕಾಟ ಕಡಿಮೆಯಿರುವ ನೆತ್ತಿಯ ಮೇಲೆ ಚಳಿಯಲ್ಲಿ ವಾಸ, ಎಂಬ ಚಿತ್ರ ಅವನದು. ನಂತರದವರೆಲ್ಲ, 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳನ್ನು ಹೊರತಂದ ಎಡ್ಗರ್ ಥರ್ಸ್ಟನ್ ಸೇರಿ, ಇದನ್ನೇ ಎತ್ತಿಕೊಂಡರು. ಬುಕನನ್ ಕಂಡದ್ದನ್ನು ಸುಳ್ಳೆನ್ನಲು ನನಗೆ ಕಾರಣವಿಲ್ಲ. ಆದರೆ ಅವನು ಬಂದ ಹೊತ್ತನ್ನೂ ನೋಡಬೇಕು. ನಾಲ್ಕು ಮೈಸೂರು ಯುದ್ಧಗಳು ಮುಗಿದ ಮರುವರ್ಷ ಅದು. ದಂಡು ಹಾದುಹೋದ ಸೀಮೆಯಲ್ಲಿ ಸಂತೆ, ಉಪ್ಪು, ಬಟ್ಟೆ ಯಾವುದೂ ಮಾಮೂಲಿನಂತೆ ನಡೆಯುವುದಿಲ್ಲ. ಅವನೇ ಬಯಲಿನಲ್ಲೂ ಹಾಳುಬಿದ್ದ ಊರುಗಳನ್ನು ಪುಟಪುಟಕ್ಕೆ ದಾಖಲಿಸಿದ್ದಾನೆ. ಬಯಲಿನ ಪಾಳು ಊರನ್ನು ಯುದ್ಧದ ಫಲವೆಂದು ಓದುವ ನಾವು ಬೆಟ್ಟದ ಬಡತನವನ್ನು ಮಾತ್ರ ಹುಟ್ಟುಗುಣವೆಂದು ಓದುತ್ತೇವೆ. ಒಂದೇ ಪುಸ್ತಕ, ಎರಡು ಅಳತೆಗೋಲು. ಇಷ್ಟಾದರೂ ಒಂದನ್ನು ಒಪ್ಪಲೇಬೇಕು: ಸೋಲಿಗರ ಬದುಕು ಯಾವ ಕಾಲದಲ್ಲೂ ಸುಖದ್ದಾಗಿರಲಿಲ್ಲ. ಮಳೆ ತಪ್ಪಿದ ವರ್ಷ ನೂರೆಗೆಣಸು ಅಗೆದು ತಿಂದೇ ದಿನ ತಳ್ಳಬೇಕಿತ್ತು. ಹಸಿವಿತ್ತು ಎನ್ನುವುದು ಬೇರೆ, ಹೊರಗಿನವರ ನಂಟಿರಲಿಲ್ಲ ಎನ್ನುವುದು ಬೇರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ನಡೆದದ್ದು ಹೆಚ್ಚು ಕುತೂಹಲದ್ದು. ಒಂದೇ ಬೆಟ್ಟಸಾಲು ಬೇರೆ ಬೇರೆ ಒಡೆತನಗಳ ಅಂಚಾಯಿತು. ಯಳಂದೂರು 1807ರಿಂದ ದಿವಾನ್ ಪೂರ್ಣಯ್ಯನವರ ಜಹಗೀರು, ಚಾಮರಾಜನಗರದ ಕಡೆ ಮೈಸೂರು ಸಂಸ್ಥಾನ, ಕೊಳ್ಳೇಗಾಲದ ಮಗ್ಗುಲು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. ಈ ಕೊನೆಯದು ಮೈಸೂರಿಗೆ ಸೇರಿದ್ದು 1956ರಲ್ಲಿ. ಯಾವ ಕಚೇರಿಯಿಂದ ಅಳೆದರೂ ಪೋಡು ನಕ್ಷೆಯ ತುದಿಗೇ ಬಿತ್ತು. ವಿಚಿತ್ರವೆಂದರೆ ದೂರದವರೆಂದು ಬರೆದಿಟ್ಟವರಿಗೇ ಸೋಲಿಗರು ದಿನಬೆಳಗಾದರೆ ಬೇಕಾಗಿದ್ದರು. 1870ರ ದಶಕದಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿ ಆನೆ ಹಿಡಿದ ಜಿ. ಪಿ. ಸ್ಯಾಂಡರ್ಸನ್ ಈ ಬೆಟ್ಟಗಳಲ್ಲಿ ಆನೆಯ ಜಾಡು ಹಿಡಿಯಲು ಕಾಡಿನ ಜನರನ್ನು ನೆಚ್ಚಿದವನು, 1878ರ ತನ್ನ ಪುಸ್ತಕದಲ್ಲಿ ಸೋಲಿಗರನ್ನು ಪ್ರಸ್ತಾಪಿಸಿದವನು. ಶತಮಾನದ ಕೊನೆಗೆ ಮಾರಿಸ್ ಮನೆತನ ಅತ್ತಿಕಾನು, ಹೊನ್ನಮೇಟಿಗಳಲ್ಲಿ ಕಾಫಿ ತೋಟ ಎಬ್ಬಿಸಿತು. ಬೆಟ್ಟದ ನೆತ್ತಿಯಿಂದ ಹೊರಟ ಕಾಫಿ ಸಮುದ್ರ ದಾಟುತ್ತಿದ್ದ ಕಾಲದಲ್ಲೇ ಪಕ್ಕದ ಪೋಡಿನವನು ತನ್ನ ಹಳೆಯ ಹೊಲಕ್ಕೆ ಬೆಂಕಿಯಿಟ್ಟರೆ ತಪ್ಪಿತಸ್ಥ. 1900ರ ಮೈಸೂರು ಅರಣ್ಯ ರೆಗ್ಯುಲೇಶನ್ನಿನಂಥ ಕಾನೂನುಗಳು ಕಾಡನ್ನು ಸರ್ಕಾರದ ಸೊತ್ತೆಂದು ಗೆರೆ ಎಳೆದು, ಕಾಲಕಾಲಕ್ಕೆ ಜಾಗ ಬದಲಿಸುವ ಬೇಸಾಯವನ್ನು ಇಂಚಿಂಚಾಗಿ ಕಟ್ಟಿಹಾಕಿದವು. ಪೋಡು ಒಂದೆಡೆ ನಿಂತಿತು. ನಿಂತ ಪೋಡಿಗೆ ಸುತ್ತಲ ಕಾಡು ಪರರದಾಯಿತು. ನಾನು ಹೇಳುವ ದೂರ ಶುರುವಾದದ್ದು ಇಲ್ಲಿಂದ. ಅದು ಮೈಲಿಯಲ್ಲಿ ಅಳೆಯುವಂಥದ್ದಲ್ಲ.

1972ರ ವನ್ಯಜೀವಿ ಕಾಯಿದೆಯಿಂದ ಬೇಟೆ ನಿಂತಿತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು, 1987ರಲ್ಲಿ ಸುಮಾರು 540 ಚದರ ಕಿಲೋಮೀಟರಿಗೆ ಹಿಗ್ಗಿತು. ಒಳಗಾಡಿನ ಪೋಡುಗಳು ರಸ್ತೆಯಂಚಿನ ಕಾಲೊನಿಗಳಿಗೆ ಬಂದವು. ಮೇಲುನೋಟಕ್ಕೆ ಇದು ಹತ್ತಿರ ಬಂದಂತೆಯೇ: ಬಸ್ಸು, ಅಂಗಡಿ, ಶಾಲೆ. ಆದರೆ ಅವರ ಕಲ್ಲುಗುಡಿಯೂ ಅಬ್ಬಿಯೂ ಹೋಗಬಾರದ ಜಾಗದಲ್ಲಿ ಉಳಿದವು. ಉಳಿದ ಜೀವನೋಪಾಯ ಕಾಡಿನ ಕಿರು ಉತ್ಪನ್ನ: ಜೇನು, ನೆಲ್ಲಿ, ಪಾಚಿ, ಸೀಗೆ. ಇವನ್ನು ಬುಡಕಟ್ಟಿನವರ ಸಹಕಾರ ಸಂಘಗಳಾದ ಲ್ಯಾಂಪ್ಸ್ ಸೊಸೈಟಿಗಳು ಕೊಳ್ಳುತ್ತಿದ್ದವು. ಈ ಶತಮಾನದ ಮೊದಲ ದಶಕದಲ್ಲಿ, ತಿದ್ದುಪಡಿಯಾದ ವನ್ಯಜೀವಿ ಕಾಯಿದೆಯ ಹೆಸರಿನಲ್ಲಿ, ಮಾರಾಟಕ್ಕೆ ಅದನ್ನು ಕೊಯ್ಯುವುದೂ ನಿಂತುಹೋಯಿತು. ಕೂಲಿ ಹುಡುಕಿ ಕೊಡಗಿನ ತೋಟಗಳಿಗೂ ಹೊರಗಿನ ಊರುಗಳಿಗೂ ಗುಳೆ ಹೋದವರು ಹೆಚ್ಚಿದರು. ಇಷ್ಟರ ಮೇಲೆ ವೀರಪ್ಪನ್ ಕಾಲ. ಮಲೆ ಮಹದೇಶ್ವರ ಬೆಟ್ಟದ ಕಡೆಯ ಸೋಲಿಗರಿಗೆ ಕಾಡುಗಳ್ಳನ ಭಯ ಒಂದು ಕಡೆ, ಅವನನ್ನು ಹಿಡಿಯಲು ಬಂದ ಪೊಲೀಸ್ ಕಾರ್ಯಪಡೆಯ ಭಯ ಇನ್ನೊಂದು ಕಡೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಬಂದ ಹೇಳಿಕೆಗಳನ್ನು ಓದಿದರೆ, ಈ ಜನಕ್ಕೆ ಸರ್ಕಾರ ಅತಿ ಹತ್ತಿರ ಬಂದದ್ದು ಯಾವ ರೂಪದಲ್ಲಿ ಎಂಬುದು ತಿಳಿಯುತ್ತದೆ.

ಕಾಡು ಉಳಿಯಬೇಡವೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ್ದೇ. ಕಾವೇರಿಗೆ ಸೇರುವ ಸುವರ್ಣಾವತಿಯಂಥ ಹೊಳೆಗಳ ನೀರು ಕುಡಿಯುವ ಬಯಲಿನವರಿಗೆ ಬೆಟ್ಟದ ಕಾಡು ಬೇಕೇ ಬೇಕು. ಬಂದೋಬಸ್ತಿಲ್ಲದೆ ಇಲ್ಲಿಯ ಆನೆ ಹುಲಿ ಉಳಿಯುತ್ತಿದ್ದವೆಂದು ನಾನೂ ಹೇಳಲಾರೆ. ಆದರೆ ಜನರನ್ನು ಹೊರಗಿಟ್ಟರೆ ಕಾಡು ತನ್ನಷ್ಟಕ್ಕೆ ಚೆನ್ನಾಗಿರುತ್ತದೆ ಎಂಬ ಊಹೆಯನ್ನು ಲಂಟಾನ ಸುಳ್ಳು ಮಾಡಿದೆ. ಅಲಂಕಾರಕ್ಕೆಂದು ಬ್ರಿಟಿಷರ ಕಾಲದಲ್ಲಿ ಅಮೆರಿಕದಿಂದ ಈ ದೇಶಕ್ಕೆ ಬಂದ ಆ ಪೊದೆ ಈಗ ಬೆಟ್ಟದ ತಳಗಾಡನ್ನು ನುಂಗಿದೆ. ಹುಲ್ಲಿಗೂ ಸಸಿಗೂ ಅದರಡಿ ಬಿಸಿಲಿಲ್ಲ. ಸೋಲಿಗರು ಬೇಸಿಗೆ ಬಲಿಯುವ ಮೊದಲೇ, ಎಲೆ ಉದುರಿದ ಹೊತ್ತಿಗೆ ತರಗು ಬೆಂಕಿ ಇಡುತ್ತಿದ್ದರು. ನೆಲದ ಮೇಲಿನ ತರಗು ಮಾತ್ರ ಸುಟ್ಟು, ಮರಕ್ಕೆ ತಾಗದೆ ಆರುವ ತಗ್ಗಿನ ಬೆಂಕಿ ಅದು. ಅದು ನಿಂತ ಮೇಲೆಯೇ ಲಂಟಾನ ಹಬ್ಬಿತು, ಈಗ ಬೆಂಕಿ ಬಿದ್ದರೆ ಒಣಗಿದ ಪೊದೆ ಹತ್ತಿ ಮರದ ಕೊಂಬೆಗೇ ಏರುತ್ತದೆ ಎಂಬುದು ಹಿರಿಯ ಸೋಲಿಗರ ವಾದ. ಈ ಕಾಡಿನಲ್ಲಿ ವರ್ಷಗಟ್ಟಲೆ ಅಳೆದ ಪರಿಸರ ವಿಜ್ಞಾನಿಗಳಲ್ಲಿ ಕೆಲವರು ಅದನ್ನು ಗಂಭೀರವಾಗಿ ಎತ್ತಿಕೊಂಡಿದ್ದಾರೆ. ಲಂಟಾನಕ್ಕೆ ಬೆಂಕಿ ನಿಂತದ್ದೊಂದೇ ಕಾರಣ ಎನ್ನುವುದು ಅತಿಯಾದೀತು. ಕಾಡಿಗೆ ಮನುಷ್ಯನ ಕೈ ಒಗ್ಗದು ಎನ್ನುವುದು ಅದಕ್ಕಿಂತ ದೊಡ್ಡ ಅತಿ.

ಕೊನೆಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಹಳೆಯ ಪೋಡಿನ ನಂಟನ್ನು ಇಷ್ಟು ಹೊಗಳುವ ನೀವು, ಹಾವು ಕಚ್ಚಿದವನನ್ನೋ ಹೆರಿಗೆ ನಿಂತವಳನ್ನೋ ಎಲ್ಲಿಗೆ ಹೊತ್ತೊಯ್ಯುತ್ತಿದ್ದರು ಹೇಳಿ, ಎನ್ನುತ್ತಾರೆ. ನಿಜ. ಆ ದಾರಿಯನ್ನು ಕುಗ್ಗಿಸಿದ್ದು ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ. ಸೋಲಿಗರಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇರುವುದು ಬೆಳಕಿಗೆ ಬಂದದ್ದೂ, ಪೋಡಿನ ಮಕ್ಕಳು ಓದಿ ದಾದಿಯರೂ ಮೇಷ್ಟರೂ ಆದದ್ದೂ ಆ ಕೆಲಸದ ಫಲ. ಆದರೆ ಆ ಆಸ್ಪತ್ರೆ ಬರುವ ಹೊತ್ತಿಗೆ ಮೈಸೂರಿನಲ್ಲಿ ವೈದ್ಯಕೀಯ ಕಾಲೇಜು ತೆರೆದು ಐವತ್ತು ವರ್ಷ ದಾಟಿತ್ತು, ಬೆಟ್ಟದ ಕಾಫಿ ಹೊರದೇಶ ಸೇರಿ ಅದಕ್ಕಿಂತ ಹೆಚ್ಚು ಕಾಲವಾಗಿತ್ತು. ಕಾಫಿಗೆ ಇಳಿಯಲು ದಾರಿ ಇತ್ತು, ಔಷಧಕ್ಕೆ ಹತ್ತಲು ಇರಲಿಲ್ಲ. ಬೆಟ್ಟದ ಎತ್ತರ ಎರಡಕ್ಕೂ ಒಂದೇ.

2011 ಈ ಕಥೆಯಲ್ಲಿ ವಿಚಿತ್ರ ವರ್ಷ. ಜನವರಿಯಲ್ಲಿ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು, ಹೊರಹಾಕುತ್ತಾರೆಂಬ ಭಯ ಪೋಡುಪೋಡಿಗೂ ಹಬ್ಬಿತು. ಅದೇ ವರ್ಷದ ಅಕ್ಟೋಬರಿನಲ್ಲಿ 2006ರ ಅರಣ್ಯ ಹಕ್ಕು ಕಾಯಿದೆಯಡಿ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕಿನ ಪತ್ರ ಸಿಕ್ಕಿತು. ಹುಲಿ ಮೀಸಲಿನ ಒಳಗೆ ಇಂಥ ಹಕ್ಕು ಒಪ್ಪಿದ್ದು ದೇಶದಲ್ಲೇ ಮೊದಲ ಸಾಲಿನದು. ಹಕ್ಕು ಕೇಳುವಾಗ ಸೋಲಿಗರು ಮುಂದಿಟ್ಟ ಸಾಕ್ಷ್ಯಗಳಲ್ಲಿ ಆ ಯೆಲ್ಲೆಗಳ ನಕ್ಷೆಯೂ ಒಂದು. ಜೇನು, ಪಾಚಿ, ನೆಲ್ಲಿ ಕೊಯ್ಯುವುದು ಮತ್ತೆ ಅವರ ಹಕ್ಕಾಗಿ ಕಾಗದಕ್ಕೆ ಬಂತು. ತರಗು ಬೆಂಕಿಗೆ ಮಾತ್ರ ಆ ಕಾಗದದಲ್ಲಿ ಜಾಗ ಸಿಗಲಿಲ್ಲ.