ಶಾಲೆ ಮುಗಿದ ಮೇಲೆ: ಅಮೆರಿಕದಲ್ಲಿ ವಿಕಲಚೇತನ ತರುಣರ ಉದ್ಯೋಗದ ಚರಿತ್ರೆ



ನಮ್ಮವರು ನಾಲ್ಕು ಜನ ಸೇರಿದ ಕಡೆಯಲ್ಲಿ ಮಕ್ಕಳ ಓದಿನ ಮಾತು ಬಾರದೆ ಇರುವುದಿಲ್ಲ. ಯಾವ ಶಾಲೆ, ಯಾವ ಕಾಲೇಜು, ಮುಂದೆ ಯಾವ ವೃತ್ತಿ ಎಂಬ ಚರ್ಚೆ ಯುಗಾದಿಯ ಹೋಳಿಗೆ ಬಡಿಸುವವರೆಗೂ ನಡೆದೇ ಇರುತ್ತದೆ. ಅದೇ ಪಂಕ್ತಿಯಲ್ಲಿ ಮೌನವಾಗಿ ಕುಳಿತ ಒಂದೆರಡು ಸಂಸಾರಗಳೂ ಇರುತ್ತವೆ. ಮಗನಿಗೋ ಮಗಳಿಗೋ ಕಣ್ಣು, ಕಿವಿ, ಕೈಕಾಲು ಅಥವಾ ಬುದ್ಧಿಯ ಬೆಳವಣಿಗೆಯಲ್ಲಿ ತೊಡಕಿರುವ ಆ ತಂದೆತಾಯಿಯರನ್ನು ಕಾಡುವ ಪ್ರಶ್ನೆ ಬೇರೆ. ಶಾಲೆ ಮುಗಿದ ಮರುದಿನ ಬೆಳಿಗ್ಗೆ ಈ ಮಗು ಎದ್ದು ಎಲ್ಲಿಗೆ ಹೋಗಬೇಕು? ನಾವು ಬಂದು ನೆಲೆಸಿರುವ ಈ ದೇಶ ಆ ಪ್ರಶ್ನೆಗೆ ನೂರು ವರ್ಷಗಳಿಂದ ಉತ್ತರ ಹುಡುಕುತ್ತ ಬಂದಿದೆ. ಆ ಹುಡುಕಾಟದ ಚರಿತ್ರೆಯನ್ನು ತಮ್ಮ ಮುಂದಿಡುವುದೇ ಈ ಉಪನ್ಯಾಸದ ಉದ್ದೇಶ.

ಮೊದಲಿಗೆ ಪದದ ಬಗ್ಗೆ ಒಂದು ಮಾತು. 1975ರಲ್ಲಿ ಅಮೆರಿಕದ ಕಾನೂನು ಈ ಮಕ್ಕಳನ್ನು ‘ಹ್ಯಾಂಡಿಕ್ಯಾಪ್ಡ್’ ಎಂದು ಕರೆದಿತ್ತು. 1990ರಲ್ಲಿ ಆ ಪದವನ್ನು ಕಾನೂನಿನ ಹೆಸರಿನಿಂದಲೇ ಕಿತ್ತುಹಾಕಲಾಯಿತು. ಕನ್ನಡದಲ್ಲಿಯೂ ಕುಂಟ, ಕುರುಡ ಎಂಬ ಒರಟು ಮಾತುಗಳಿಂದ ಅಂಗವಿಕಲರಿಗೆ, ಅಲ್ಲಿಂದ ವಿಕಲಚೇತನರಿಗೆ ಬಂದಿದ್ದೇವೆ. ಪದ ಬದಲಾದ ಮಾತ್ರಕ್ಕೆ ಅನ್ನ ಸಿಕ್ಕೀತೆ ಎಂದು ಮೂಗು ಮುರಿಯುವವರುಂಟು. ಆದರೆ ಅಧಿಕಾರಿಯೊಬ್ಬ ಕಡತದಲ್ಲಿ ಬರೆದ ಒಂದೇ ಒಂದು ಪದ ಒಬ್ಬ ತರುಣನ ದಾರಿಗೆ ಹೇಗೆ ಅಡ್ಡ ನಿಲ್ಲಬಲ್ಲದೆಂಬುದನ್ನು ಮುಂದೆ ನೋಡಲಿದ್ದೇವೆ.

ಈ ಚರಿತ್ರೆಯ ಆರಂಭ ಶಾಲೆಯಲ್ಲಿ ಅಲ್ಲ, ರಣರಂಗದಲ್ಲಿ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಮರಳಿದ ಸೈನಿಕರಿಗೆ ಹೊಸ ಕಸಬು ಕಲಿಸಲು 1918ರಲ್ಲಿ ಒಂದು ಶಾಸನವಾಯಿತು. 1920ರ ಜೂನ್‌ನಲ್ಲಿ ಸ್ಮಿತ್-ಫೆಸ್ ಶಾಸನ ಅದೇ ಸೌಲಭ್ಯವನ್ನು ಸಾಮಾನ್ಯ ನಾಗರಿಕರಿಗೂ ವಿಸ್ತರಿಸಿತು. ಖರ್ಚಿನಲ್ಲಿ ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ. ಇಂದಿಗೂ ಪ್ರತಿಯೊಂದು ರಾಜ್ಯದಲ್ಲಿರುವ ವೃತ್ತಿ ಪುನರ್ವಸತಿ ಇಲಾಖೆಯ ಮೂಲ ಇಲ್ಲಿದೆ. ‘ಪುನರ್’ ಎಂಬ ಉಪಸರ್ಗವನ್ನು ಗಮನಿಸಬೇಕು. ಶಾಸನ ಬರೆದವರ ಕಣ್ಣ ಮುಂದಿದ್ದವನು, ನಿನ್ನೆಯವರೆಗೆ ದುಡಿದು ಇಂದು ಕೈಯನ್ನೋ ಕಾಲನ್ನೋ ಕಳೆದುಕೊಂಡ ಗಂಡಸು. ಅವನನ್ನು ಹಳೆಯ ಸ್ಥಾನಕ್ಕೆ ಮರಳಿಸಬೇಕಾಗಿತ್ತು. ಎಂದೂ ದುಡಿದಿರದ, ಹುಟ್ಟಿನಿಂದಲೇ ಭಿನ್ನವಾದ ಹದಿನೆಂಟರ ಹುಡುಗ ಅಥವಾ ಹುಡುಗಿ ಆ ಚಿತ್ರದಲ್ಲಿ ಇರಲೇ ಇಲ್ಲ. ಬುದ್ಧಿಮಾಂದ್ಯರಿಗೂ ಮಾನಸಿಕ ಅಸ್ವಸ್ಥರಿಗೂ ಈ ಇಲಾಖೆಯ ಬಾಗಿಲು ತೆರೆದದ್ದು 1943ರಲ್ಲಿ.

ಇದರ ನಡುವೆ 1938ರಲ್ಲಿ ಎರಡು ಶಾಸನಗಳು ಬಂದವು. ಅಂಧರು ತಯಾರಿಸಿದ ಪೊರಕೆ ಮುಂತಾದ ವಸ್ತುಗಳನ್ನು ಕೇಂದ್ರ ಸರ್ಕಾರ ಕೊಳ್ಳಬೇಕೆಂದು ಒಂದು ಹೇಳಿತು. ಗಂಟೆಗೆ 25 ಸೆಂಟುಗಳ ಕನಿಷ್ಠ ಕೂಲಿಯನ್ನು ದೇಶಕ್ಕೆ ತಂದ ಇನ್ನೊಂದು ಶಾಸನ, ತನ್ನ 14ನೆಯ ವಿಧಿಯಲ್ಲಿ ಅಂಗವಿಕಲರಿಗೆ ಅದಕ್ಕಿಂತ ಕಡಿಮೆ ಕೊಡಲು ಅನುಮತಿ ನೀಡಿತು. ಆರ್ಥಿಕ ಕುಸಿತದ ಆ ದಿನಗಳಲ್ಲಿ, ಪೂರ್ಣ ಕೂಲಿ ಕೊಡಬೇಕೆಂದರೆ ಇವರನ್ನು ಯಾರೂ ಕರೆಯಲಾರರು ಎಂಬ ಭಯ ಇದರ ಹಿಂದಿತ್ತು. ಉದ್ದೇಶ ಕೆಟ್ಟದ್ದೆಂದು ನಾನು ಹೇಳಲಾರೆ. ಪರಿಣಾಮ ಮಾತ್ರ ಅವರೆಣಿಸಿದ ಮೇರೆಯನ್ನು ದಾಟಿ ಬೆಳೆಯಿತು. ‘ಷೆಲ್ಟರ್ಡ್ ವರ್ಕ್‌ಷಾಪ್’ ಎಂದು ಇಲ್ಲಿ ಕರೆಯುವ ಆಶ್ರಯ ಕಾರ್ಯಾಗಾರಗಳು, ಮುಖ್ಯವಾಗಿ ಎರಡನೆಯ ಮಹಾಯುದ್ಧದ ನಂತರ, ಊರೂರಿಗೆ ಹಬ್ಬಿದವು. ಬೇರೆ ಬಾಗಿಲು ಕಾಣದ ತಂದೆತಾಯಿಯರೇ ಚಂದಾ ಎತ್ತಿ ಕಟ್ಟಿದವುಗಳೂ ಅವುಗಳಲ್ಲಿದ್ದವು. ತರಬೇತಿ ಪಡೆದು ಹೊರಗಿನ ಕೆಲಸಕ್ಕೆ ಹೋಗಲೆಂದು ಅಲ್ಲಿಗೆ ಸೇರಿಸಿದ ಮಕ್ಕಳಲ್ಲಿ ಬಹುಪಾಲು ಜನ ಅಲ್ಲಿಯೇ ಮುದುಕರಾದರು. ‘ಇನ್ನೂ ಸಿದ್ಧನಾಗಿಲ್ಲ’ ಎಂಬುದು ವರ್ಷ ವರ್ಷವೂ ಬರೆಯಲ್ಪಡುತ್ತಿದ್ದ ಷರಾ.

ಈಗ ಎಡ್ ರಾಬರ್ಟ್ಸ್ ಎಂಬ ತರುಣನ ವೃತ್ತಾಂತಕ್ಕೆ ಬರೋಣ. ಕ್ಯಾಲಿಫೋರ್ನಿಯದ ಈತನಿಗೆ 1953ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಪೋಲಿಯೊ ತಗುಲಿತು. ಕುತ್ತಿಗೆಯಿಂದ ಕೆಳಗೆ ಬಹುತೇಕ ದೇಹ ನಿಶ್ಚಲವಾಯಿತು. ರಾತ್ರಿಯೆಲ್ಲ ಉಸಿರಾಟದ ಯಂತ್ರವಾದ ಕಬ್ಬಿಣದ ಶ್ವಾಸಕೋಶದೊಳಗೆ ಮಲಗಬೇಕು. ಮನೆಯಿಂದಲೇ ದೂರವಾಣಿಯ ಮೂಲಕ ಪಾಠ ಕೇಳಿ, ಕೊನೆಗೆ ಗಾಲಿಕುರ್ಚಿಯಲ್ಲಿ ಶಾಲೆಗೆ ಹೋಗಿ, ಎಲ್ಲ ವಿಷಯಗಳನ್ನೂ ಮುಗಿಸಿದ. ಆಗ ಶಾಲೆ ಪದವಿಪತ್ರ ಕೊಡಲು ನಿರಾಕರಿಸಿತು. ಕಾರಣವೇನು? ವ್ಯಾಯಾಮ ಶಿಕ್ಷಣ ಮತ್ತು ಕಾರು ಚಾಲನೆಯ ತರಗತಿಗಳನ್ನು ಈತ ಪೂರೈಸಿರಲಿಲ್ಲ! ತಾಯಿ ಜೋನಾ ಶಾಲಾ ಮಂಡಲಿಯವರೆಗೆ ಹೋಗಿ ಹೋರಾಡಿ ಪದವಿಪತ್ರವನ್ನು ಪಡೆದರು.

ಮುಂದಿನ ಅಡ್ಡಿ ಇನ್ನೂ ದೊಡ್ಡದು. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಓದಲು ರಾಜ್ಯದ ಪುನರ್ವಸತಿ ಇಲಾಖೆಯ ಧನಸಹಾಯ ಬೇಕಾಗಿತ್ತು. ಇಲಾಖೆ ಆತನ ಕಡತದಲ್ಲಿ ‘ಇನ್‌ಫೀಸಿಬಲ್’ ಎಂದು ಬರೆಯಿತು; ಎಂದರೆ ಈತ ಉದ್ಯೋಗ ಮಾಡುವ ಸಂಭವವೇ ಇಲ್ಲ, ಹಣ ಹಾಕುವುದು ವ್ಯರ್ಥ. ಸಂಗತಿ ಪತ್ರಿಕೆಗಳಿಗೆ ಮುಟ್ಟಿದ ಮೇಲೆ ಇಲಾಖೆ ಮಣಿಯಿತು. 1962ರಲ್ಲಿ ರಾಬರ್ಟ್ಸ್ ಬರ್ಕ್ಲಿಗೆ ಸೇರಿದ. ಕಬ್ಬಿಣದ ಶ್ವಾಸಕೋಶವನ್ನು ಹೊರುವ ಕೊಠಡಿ ವಿದ್ಯಾರ್ಥಿನಿಲಯದಲ್ಲಿ ಇರಲಿಲ್ಲವಾಗಿ ವಿಶ್ವವಿದ್ಯಾಲಯದ ಕೋವೆಲ್ ಆಸ್ಪತ್ರೆಯೇ ಆತನ ವಸತಿಯಾಯಿತು. ಆತನ ಬೆನ್ನಿಗೆ ಇನ್ನೂ ಹಲವರು ಅಲ್ಲಿಗೆ ಬಂದರು. 1972ರಲ್ಲಿ ಅದೇ ಊರಿನಲ್ಲಿ ಸ್ವತಂತ್ರ ಜೀವನ ಕೇಂದ್ರ ಹುಟ್ಟಿತು. 1975ರಲ್ಲಿ ರಾಜ್ಯಪಾಲ ಜೆರ್ರಿ ಬ್ರೌನ್ ಕ್ಯಾಲಿಫೋರ್ನಿಯದ ಪುನರ್ವಸತಿ ಇಲಾಖೆಗೆ ಹೊಸ ನಿರ್ದೇಶಕರನ್ನು ನೇಮಿಸಿದರು. ಹಿಂದೆ ಅದೇ ಇಲಾಖೆಯಿಂದ ಉದ್ಯೋಗಕ್ಕೆ ಅನರ್ಹನೆನಿಸಿಕೊಂಡಿದ್ದ ಎಡ್ ರಾಬರ್ಟ್ಸ್ ಅವರೇ ಆ ನಿರ್ದೇಶಕರು. ಇದು ಪುರಾಣದ ಕಥೆಯಂತೆ ಕೇಳಿಸಿದರೂ ದಾಖಲಾದ ಇತಿಹಾಸ.

ಆದರೆ ಎಲ್ಲರಿಗೂ ಜೋನಾ ಅವರಂಥ ತಾಯಿ ಇರುವುದಿಲ್ಲ. ಪತ್ರಿಕೆಗಳೂ ಎಲ್ಲರ ಕಥೆಯನ್ನು ಬರೆಯುವುದಿಲ್ಲ. ಒಬ್ಬೊಬ್ಬರ ಹೋರಾಟವನ್ನು ಎಲ್ಲರ ಹಕ್ಕಾಗಿ ಮಾಡಲು ಕಾನೂನೇ ಬೇಕಾಯಿತು. ಪೆನ್ಸಿಲ್ವೇನಿಯದಲ್ಲಿ ಬುದ್ಧಿಮಾಂದ್ಯ ಮಕ್ಕಳ ಪೋಷಕರ ಸಂಘ 1971ರಲ್ಲಿ ಹೂಡಿದ ದಾವೆ, ಮರುವರ್ಷ ವಾಷಿಂಗ್ಟನ್ ನಗರದ ಮಿಲ್ಸ್ ಪ್ರಕರಣ, ಇವು ದಾರಿ ಮಾಡಿದವು. 1973ರ ಪುನರ್ವಸತಿ ಶಾಸನದ 504ನೆಯ ವಿಧಿ, ಕೇಂದ್ರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವೈಕಲ್ಯದ ಕಾರಣಕ್ಕೆ ಭೇದ ಮಾಡಕೂಡದೆಂದಿತು. ಅದರ ನಿಯಮಗಳಿಗೆ ಸಹಿ ಬೀಳಲು 1977ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದಲ್ಲಿ ಜೂಡಿತ್ ಹ್ಯೂಮನ್ ಮತ್ತು ಸಂಗಡಿಗರು ಮೂರು ವಾರಗಳಿಗೂ ಮೀರಿ ಧರಣಿ ಕೂರಬೇಕಾಯಿತು. ಇವೆರಡರ ನಡುವೆ, 1975ರ ನವೆಂಬರ್ 29ರಂದು, ಅಧ್ಯಕ್ಷ ಫೋರ್ಡ್ ಎಲ್ಲ ಅಂಗವಿಕಲ ಮಕ್ಕಳ ಶಿಕ್ಷಣ ಶಾಸನಕ್ಕೆ ಸಹಿ ಹಾಕಿದ್ದರು. ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಇಂಥ ಮಕ್ಕಳಿದ್ದಾರೆ, ಅವರಲ್ಲಿ 10 ಲಕ್ಷ ಮಕ್ಕಳು ಸಾರ್ವಜನಿಕ ಶಾಲೆಯಿಂದ ಪೂರ್ತಿ ಹೊರಗಿದ್ದಾರೆ ಎಂದು ಆ ಶಾಸನದಲ್ಲೇ ಬರೆದಿದೆ.

ಹೀಗೆ ಶಾಲೆ ಹಕ್ಕಾಯಿತು. ಇಲ್ಲಿಯೇ ನಾನು ಒತ್ತಿ ಹೇಳಬೇಕಾದ ಮಾತು ಇದೆ. ಶಾಲೆ ಮುಗಿಯುವವರೆಗೆ, ಹೆಚ್ಚಿನ ರಾಜ್ಯಗಳಲ್ಲಿ 21 ಅಥವಾ 22ರ ವಯಸ್ಸಿನವರೆಗೆ, ಮಗುವಿಗೆ ಬೇಕಾದುದನ್ನು ಶಾಲೆ ಕೊಡಲೇಬೇಕು. ಆ ಗಡಿ ದಾಟಿದ ಮೇಲೆ ಎಲ್ಲವೂ ಅರ್ಹತೆಯ ಪ್ರಶ್ನೆ. ಅರ್ಜಿ ಹಾಕಬೇಕು, ಅಧಿಕಾರಿ ಒಪ್ಪಬೇಕು, ಹಣವಿರಬೇಕು, ಸರತಿ ಬರಬೇಕು. ನಿನ್ನೆಯವರೆಗೆ ಮನೆ ಬಾಗಿಲಿಗೆ ಬರುತ್ತಿದ್ದ ಹಳದಿ ಬಸ್ಸು ಒಂದು ದಿನ ಬರುವುದಿಲ್ಲ. ಹೊಸ ಶಾಸನದಡಿ ಓದಿದ ಮೊದಲ ತಲೆಮಾರು 1980ರ ಸುಮಾರಿಗೆ ಶಾಲೆಯಿಂದ ಹೊರಬಂದಾಗ ಈ ಪ್ರಪಾತ ಎಲ್ಲರಿಗೂ ಕಂಡಿತು. ಮಕ್ಕಳು ಓದಿದ್ದರು, ಮನೆಯಲ್ಲಿ ಕುಳಿತಿದ್ದರು.

ಇವರಿಗೆ ಕೆಲಸ ಬಾರದು ಎಂಬ ನಂಬಿಕೆ ಅಷ್ಟರಲ್ಲಿ ಬುಡ ಸಹಿತ ಅಲುಗಾಡಿತ್ತು. ಇಲಿನಾಯ್‌ನಲ್ಲಿ ಮಾರ್ಕ್ ಗೋಲ್ಡ್ ಎಂಬ ಶಿಕ್ಷಣತಜ್ಞ 1970ರ ದಶಕದ ಆರಂಭದಲ್ಲಿ ಆಶ್ರಯ ಕಾರ್ಯಾಗಾರಗಳ ಜನರಿಗೆ ಸೈಕಲ್ಲಿನ ಬ್ರೇಕನ್ನು ಜೋಡಿಸಲು ಕಲಿಸಿದ. ಹದಿನೈದು ಬಿಡಿಭಾಗಗಳು, ಒಂದು ತಪ್ಪಿದರೂ ಬ್ರೇಕು ಹಿಡಿಯುವುದಿಲ್ಲ. ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಕಲಿಸಿದಾಗ, ತೀವ್ರ ಬುದ್ಧಿಮಾಂದ್ಯರೆನಿಸಿದವರೂ ಅದನ್ನು ಕಲಿತರು. ಕಲಿಯದಿದ್ದರೆ ದೋಷ ಕಲಿಸುವ ಬಗೆಯಲ್ಲಿದೆ, ಇನ್ನೊಂದು ಬಗೆಯಲ್ಲಿ ಕಲಿಸಿ ನೋಡು ಎಂಬುದು ಗೋಲ್ಡ್‌ನ ವಾದವಾಗಿತ್ತು. ಇದರಿಂದ ಒಂದು ಹೊಸ ಕ್ರಮ ಹುಟ್ಟಿತು. ಮೊದಲು ಸಿದ್ಧಪಡಿಸಿ ಆಮೇಲೆ ಕೆಲಸಕ್ಕೆ ಕಳಿಸುವ ಬದಲು, ನಿಜವಾದ ಅಂಗಡಿಯಲ್ಲಿ, ನಿಜವಾದ ಕಚೇರಿಯಲ್ಲಿ ಕೆಲಸಕ್ಕೆ ಸೇರಿಸಿ, ಪಕ್ಕದಲ್ಲಿ ಒಬ್ಬ ಮಾರ್ಗದರ್ಶಿಯನ್ನು ನಿಲ್ಲಿಸಿ, ಅಲ್ಲಿಯೇ ಕಲಿಸುವುದು. ವರ್ಜಿನಿಯದ ರಿಚ್ಮಂಡ್‌ನಲ್ಲಿ ಪಾಲ್ ವೇಮನ್ ಮತ್ತು ಸಹೋದ್ಯೋಗಿಗಳು ಇದನ್ನು ಬೆಳೆಸಿದರು. ಈಜು ಕಲಿಯುವ ಮೊದಲು ನೀರಿಗಿಳಿಯಬೇಡ ಎಂದರೆ ಯಾರು ತಾನೆ ಈಜು ಕಲಿತಾರು?

1984ರಲ್ಲಿ ಈ ವಿಚಾರಕ್ಕೆ ಸರ್ಕಾರದ ಮುದ್ರೆ ಬಿತ್ತು. ಆಗ ಶಿಕ್ಷಣ ಖಾತೆಯಲ್ಲಿ ಸಹಾಯಕ ಕಾರ್ಯದರ್ಶಿಯಾಗಿದ್ದ ಮ್ಯಾಡಲಿನ್ ವಿಲ್, ಡೌನ್ ಸಿಂಡ್ರೋಮ್ ಇದ್ದ ಮಗನ ತಾಯಿ. ಶಾಲೆ ಮತ್ತು ದುಡಿಮೆಯ ಬಾಳಿನ ನಡುವೆ ಮೂರು ಸೇತುವೆಗಳು ಬೇಕೆಂದು ಅವರ ಪತ್ರ ಸಾರಿತು: ಎಲ್ಲರಿಗೂ ಇರುವ ಸಾಮಾನ್ಯ ಸೇವೆ, ಸ್ವಲ್ಪ ಕಾಲದ ವಿಶೇಷ ನೆರವು, ಬಾಳಿನುದ್ದಕ್ಕೂ ದೊರೆಯುವ ನೆರವು. ‘ಟ್ರಾನ್ಸಿಶನ್’ ಎಂಬ ಪದ ಈ ಕ್ಷೇತ್ರದಲ್ಲಿ ನೆಲೆಯೂರಿದ್ದು ಅಂದಿನಿಂದ. ನಾವು ಅದನ್ನು ಸಂಕ್ರಮಣವೆನ್ನಬಹುದು. 1990ರಲ್ಲಿ ಐ.ಡಿ.ಇ.ಎ. ಎಂಬ ಹೊಸ ಹೆಸರು ಪಡೆದ ಶಿಕ್ಷಣ ಶಾಸನ, ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯಾದ ಐ.ಇ.ಪಿ.ಯಲ್ಲಿ 16ರ ವಯಸ್ಸಿಗೆ ಮುಂದಿನ ಬಾಳಿನ ಯೋಜನೆ ಇರಲೇಬೇಕೆಂದಿತು. 1997ರಲ್ಲಿ ಆ ಆಲೋಚನೆ 14ಕ್ಕೇ ಆರಂಭವಾಗಬೇಕೆಂದು ತಿದ್ದುಪಡಿಯಾಯಿತು. 2004ರಲ್ಲಿ ಮತ್ತೆ 16ಕ್ಕೆ ತಂದರು. ಈ ಹಿಂಜರಿತ ಜಾಣತನವೆಂದು ನನಗೆ ತೋರುವುದಿಲ್ಲ. 14ರ ವಯಸ್ಸನ್ನು ಉಳಿಸಿಕೊಂಡ ರಾಜ್ಯಗಳೂ ಇವೆ.

ಸೇತುವೆ ಎಂದರೆ ಏನೆಂಬುದಕ್ಕೆ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆ ಒಳ್ಳೆಯ ನಿದರ್ಶನ. 1996ರಲ್ಲಿ ಅಲ್ಲಿನ ತುರ್ತು ಚಿಕಿತ್ಸಾ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ದಾದಿ ಎರಿನ್ ರೀಲಿ ಅವರಿಗೆ ಒಂದು ತೊಂದರೆಯಿತ್ತು: ಔಷಧೋಪಕರಣಗಳನ್ನು ಕಪಾಟುಗಳಲ್ಲಿ ತುಂಬಿಡುವ ಕೆಲಸಕ್ಕೆ ಬಂದವರು ನಿಲ್ಲುತ್ತಿರಲಿಲ್ಲ. ಕಲಿಕೆಯ ತೊಡಕಿರುವ ತರುಣರಿಗೆ ಅದನ್ನು ಕಲಿಸಬಾರದೇಕೆಂದು ಯೋಚಿಸಿ, ಸ್ಥಳೀಯ ವೃತ್ತಿಶಿಕ್ಷಣ ಸಂಸ್ಥೆಯ ಜೊತೆ ಸೇರಿ ಆರಂಭಿಸಿದ್ದೇ ‘ಪ್ರಾಜೆಕ್ಟ್ ಸರ್ಚ್’. ಶಾಲೆಯ ಕೊನೆಯ ವರ್ಷವನ್ನು ವಿದ್ಯಾರ್ಥಿ ಕೆಲಸದ ಸ್ಥಳದಲ್ಲಿಯೇ ಕಳೆದು, ಮೂರು ಬೇರೆ ಬೇರೆ ವಿಭಾಗಗಳಲ್ಲಿ ದುಡಿದು ಕಲಿಯುತ್ತಾನೆ. ಈಗ ಇದು ಹಲವು ದೇಶಗಳಿಗೆ ಹರಡಿದೆ. ದಯೆಯಿಂದ ಅಲ್ಲ, ಕೆಲಸ ಆಗಬೇಕಾದ ಅಗತ್ಯದಿಂದ ಹುಟ್ಟಿದ್ದೇ ಇದರ ಬಲವೆಂದು ನನ್ನ ಅಭಿಪ್ರಾಯ.

ಆದರೆ ಅದೇ ಕಾಲದಲ್ಲಿ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ ಬೇರೊಂದು ಸಂಗತಿ ನಡೆದಿತ್ತು. ಅಲ್ಲಿನ ಒಂದು ಪ್ರೌಢಶಾಲೆಯ ಕಟ್ಟಡದೊಳಗೆ ಬರ್ಚ್ ಎಂಬ ವೃತ್ತಿಶಾಲೆ; ಅದರೊಳಗೆ ಒಂದು ಆಶ್ರಯ ಕಾರ್ಯಾಗಾರ. ಬೌದ್ಧಿಕ ವೈಕಲ್ಯವಿದ್ದ ಸುಮಾರು 85 ವಿದ್ಯಾರ್ಥಿಗಳ ಆ ಶಾಲೆಯಲ್ಲಿ ಮಕ್ಕಳು ಪಾಠದ ಹೊತ್ತಿನಲ್ಲಿ ಆಭರಣಗಳಂಥ ಸಣ್ಣ ವಸ್ತುಗಳನ್ನು ಜೋಡಿಸಿ, ವಿಂಗಡಿಸಿ, ಪೊಟ್ಟಣ ಕಟ್ಟುತ್ತಿದ್ದರು. ಕೂಲಿ ಗಂಟೆಗೆ 50 ಸೆಂಟಿನಿಂದ 2 ಡಾಲರು. ಶಾಲೆ ಮುಗಿದವರಿಗೆ ಹೆಚ್ಚಾಗಿ ಕಾಣುತ್ತಿದ್ದ ದಾರಿ, ದೊಡ್ಡವರಿಗಾಗಿ ನಡೆಯುತ್ತಿದ್ದ ಅಂಥದೇ ಇನ್ನೊಂದು ಕಾರ್ಯಾಗಾರ. ಇದೂ ಸಂಕ್ರಮಣವೇ, ಒಂದು ಬಂದ ಕೋಣೆಯಿಂದ ಇನ್ನೊಂದಕ್ಕೆ. 1999ರ ಓಮ್‌ಸ್ಟೆಡ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ, ವಿಕಲಚೇತನರನ್ನು ಅಕಾರಣವಾಗಿ ಸಮಾಜದಿಂದ ಬೇರ್ಪಡಿಸಿಡುವುದೇ ಭೇದಭಾವವೆಂದು ಹೇಳಿತ್ತು. ಅದನ್ನು ಆಧರಿಸಿ ನ್ಯಾಯ ಖಾತೆ ತನಿಖೆ ನಡೆಸಿ, 2013ರಲ್ಲಿ ನಗರ ಹಾಗೂ ರಾಜ್ಯದೊಡನೆ ತಾತ್ಕಾಲಿಕ ಒಪ್ಪಂದ ಮಾಡಿಕೊಂಡಿತು. 2014ರ ಏಪ್ರಿಲ್‌ನಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಸಮ್ಮತಿಯ ಆಜ್ಞೆ ಹೊರಟಿತು. 1990ರ ಶಾಸನ ಬಂದು ಎರಡು ದಶಕ ಕಳೆದರೂ, ಅದರ ಅಕ್ಷರ ಪ್ರಾವಿಡೆನ್ಸಿನ ಆ ಕೋಣೆಯನ್ನು ಮುಟ್ಟಿರಲಿಲ್ಲ.

ಅದೇ 2014ರ ಜುಲೈನಲ್ಲಿ ಬಂದ ಹೊಸ ಉದ್ಯೋಗ ಶಾಸನ, ಪುನರ್ವಸತಿ ಇಲಾಖೆಗಳು ತಮಗೆ ಬರುವ ಕೇಂದ್ರದ ಹಣದಲ್ಲಿ ಕನಿಷ್ಠ ಶೇ. 15ನ್ನು ಇನ್ನೂ ಶಾಲೆಯಲ್ಲಿರುವ ವಿದ್ಯಾರ್ಥಿಗಳಿಗಾಗಿಯೇ ಮೀಸಲಿಡಬೇಕೆಂದಿತು. ಮರುಕೆಲಸಕ್ಕೆಂದು 1920ರಲ್ಲಿ ಹುಟ್ಟಿದ ಇಲಾಖೆ, ಮೊದಲ ಕೆಲಸದ ಹೊಣೆಯನ್ನು ಹೊರಲು ತೊಂಬತ್ತನಾಲ್ಕು ವರ್ಷ ಹಿಡಿಯಿತು. 24 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರನ್ನು, ಇತರ ದಾರಿಗಳನ್ನು ಮೊದಲು ತೋರಿಸದೆ, ಕಡಿಮೆ ಕೂಲಿಯ ಕೆಲಸಕ್ಕೆ ಹಚ್ಚಕೂಡದೆಂದೂ ಅದು ವಿಧಿಸಿತು. ಕಡಿಮೆ ಕೂಲಿಯನ್ನು ನ್ಯೂ ಹ್ಯಾಂಪ್‌ಶೈರ್ 2015ರಲ್ಲಿ ತನ್ನ ಗಡಿಯೊಳಗೆ ನಿಷೇಧಿಸಿತು, ಆಮೇಲೆ ಇನ್ನೂ ಹಲವು ರಾಜ್ಯಗಳು ನಿಷೇಧಿಸಿದವು. ಕೇಂದ್ರದ ಕಾನೂನಿನಲ್ಲಿ ಮಾತ್ರ 1938ರ ಆ ವಿಧಿ ಅಳಿದಿಲ್ಲ. 2023ರಲ್ಲಿಯೂ ವಿಕಲಚೇತನರಲ್ಲಿ ಉದ್ಯೋಗದಲ್ಲಿದ್ದವರು ಶೇ. 22.5, ಉಳಿದವರಲ್ಲಿ ಶೇ. 65.8. ಮೊದಲ ಗುಂಪಿನಲ್ಲಿ ವೃದ್ಧರು ಹೆಚ್ಚೆಂಬುದನ್ನು ಮರೆಯಬಾರದು. ಮರೆಯದಿದ್ದರೂ ಅಂತರ ದೊಡ್ಡದೇ.

ಇನ್ನು ನಮ್ಮ ಮನೆಗಳ ಮಾತು. ‘ನಾವಿದ್ದೇವಲ್ಲ, ಮಗು ಮನೆಯಲ್ಲೇ ಇರಲಿ’ ಎನ್ನುವುದು ನಮ್ಮವರ ಪ್ರೀತಿಯ ರೀತಿ. ಅಜ್ಜಿ, ಅತ್ತೆ, ಚಿಕ್ಕಪ್ಪ ಎಲ್ಲರೂ ಇದ್ದ ತೊಟ್ಟಿಯ ಮನೆಯಲ್ಲಿ ಅದು ನಡೆಯುತ್ತಿತ್ತು. ಗಂಡಹೆಂಡಿರಿಬ್ಬರೂ ಹೊರಗೆ ದುಡಿಯುವ ಇಲ್ಲಿನ ಮನೆಯಲ್ಲಿ ಹಗಲೆಲ್ಲ ಆ ಮಗುವಿನ ಜೊತೆಗಿರುವುದು ಟೆಲಿವಿಷನ್ ಮಾತ್ರ. ಆದುದರಿಂದ ಮಗುವಿಗೆ ಹದಿನಾಲ್ಕು ತುಂಬಿದಾಗಲೇ ಐ.ಇ.ಪಿ. ಸಭೆಯಲ್ಲಿ ಉದ್ಯೋಗದ ಮಾತನ್ನು ತಾವೇ ಎತ್ತಬೇಕು. ಪುನರ್ವಸತಿ ಇಲಾಖೆಯ ಪ್ರತಿನಿಧಿಯನ್ನು ಸಭೆಗೆ ಕರೆಸಿರೆಂದು ಕೇಳಬಹುದು. ಹದಿನೆಂಟಕ್ಕೆ ನಿರ್ಧಾರದ ಹಕ್ಕು ಮಗುವಿಗೆ ವರ್ಗವಾಗುವ ರಾಜ್ಯಗಳಲ್ಲಿ ಅದನ್ನು ಒಂದು ವರ್ಷ ಮೊದಲೇ ಶಾಲೆ ತಿಳಿಸಬೇಕು. ಸಂಕ್ರಮಣದ ಚರ್ಚೆ ನಡೆಯುವ ಸಭೆಗೆ ವಿದ್ಯಾರ್ಥಿಯನ್ನು ಶಾಲೆ ಕರೆಯಲೇಬೇಕೆಂದು ಕಾನೂನು ಹೇಳುತ್ತದೆ. ನಮ್ಮವರು ಸಾಮಾನ್ಯವಾಗಿ ಮಗುವನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಮುಂದಿನ ಸಭೆಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ, ಏನು ಕೆಲಸ ಇಷ್ಟವೆಂದು ಅವರನ್ನೇ ಕೇಳಲು ಬಿಡಿ.