ಜಾಮೀನು ಅಂದ್ರೆ ಗೆಲುವಲ್ಲ: ಹಾನಗಲ್ ಪ್ರಕರಣ ಮತ್ತು 21ನೇ ವಿಧಿ

2025ರ ಮೇ ತಿಂಗಳಲ್ಲಿ ಹಾನಗಲ್ ಸಾಮೂಹಿಕ ಅತ್ಯಾಚಾರ ಪ್ರಕರಣದ ಏಳು ಆರೋಪಿಗಳು ಜಾಮೀನು ಪಡೆದು ಹೊರಬಂದರು. ಅಕ್ಕಿಆಲೂರಿನಲ್ಲಿ ಕಾರು, ಬೈಕುಗಳ ಮೆರವಣಿಗೆ ನಡೆಯಿತು. ‘ಇಂಥ ಕೇಸಲ್ಲಿ ಜಾಮೀನು ಯಾಕೆ ಕೊಟ್ರು?’ ಅನ್ನೋ ಸಿಟ್ಟು ನನಗೆ ಅರ್ಥವಾಗುತ್ತೆ. ಆದರೆ ನನ್ನ ತಕರಾರು ಜಾಮೀನಿನ ಬಗ್ಗೆ ಅಲ್ಲ, ಮೆರವಣಿಗೆಯ ಬಗ್ಗೆ.

ಕಾನೂನಿನ ಕ್ರಮ ಬಿಟ್ಟು ಯಾರ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ ಎನ್ನುತ್ತದೆ ಸಂವಿಧಾನದ 21ನೇ ವಿಧಿ. 22ನೇ ವಿಧಿ ಇನ್ನೂ ಖಚಿತ: ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ಠಾಣೆಯವರು ಬಂಧಿಸಿದರೂ ಕಾರಣ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸುಳ್ಳು ಕೇಸಿನಲ್ಲಿ ಸಿಕ್ಕಿಕೊಂಡ ಬಡವನನ್ನು ಕಾಯೋದೂ ಇದೇ.

ಹಾಗಂತ 21ನೇ ವಿಧಿ ಆರೋಪಿಗಳ ಸ್ವತ್ತಲ್ಲ. 2024ರ ಜನವರಿಯಲ್ಲಿ, ಹೋಟೆಲ್ ಕೋಣೆಗೆ ನುಗ್ಗಿ ಜೋಡಿಯನ್ನು ಹೊಡೆದರು ಅಂತ ಶುರುವಾದ ಕೇಸದು. ಆ ಮಹಿಳೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟ ಮೇಲೆ ಅತ್ಯಾಚಾರದ ಆರೋಪ ಸೇರಿತು. ಆಕೆಯ ಖಾಸಗಿತನವೂ ಇದೇ ವಿಧಿಯೊಳಗಿದೆ. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟವಾಗಿ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ.

ಜಾಮೀನು ಖುಲಾಸೆಯಲ್ಲ. ಅದನ್ನು ಮೆರವಣಿಗೆ ಮಾಡಿ ಮೆರೆದರೆ ಸಾಕ್ಷಿ ಹೇಳಬೇಕಾದವರಿಗೆ ಸಿಗೋದು ಬೆದರಿಕೆಯ ಸಂದೇಶ. ಪೊಲೀಸರು ಮೆರವಣಿಗೆಗೆ ಪ್ರತ್ಯೇಕ ಕೇಸು ಹಾಕಿ ಮತ್ತೆ ಬಂಧಿಸಿದರು. ಜಾಮೀನು ದುರ್ಬಳಕೆಯಾದರೆ ಆರೋಪಿಯನ್ನು ಮತ್ತೆ ಕಸ್ಟಡಿಗೆ ಒಪ್ಪಿಸಲು ಬಿಎನ್‌ಎಸ್‌ಎಸ್ 483(3)ರಲ್ಲಿ ಸೆಷನ್ಸ್ ಕೋರ್ಟಿಗೂ ಹೈಕೋರ್ಟಿಗೂ ಅಧಿಕಾರವಿದೆ.